ಎಡಗಡೆ ಕಿಸೆ

ಹೋದ ತಿಂಗಳು ಬನಹಟ್ಟಿಯಿಂದ ಬಂದ ಕಕ್ಷಿದಾರರೊಬ್ಬರು ನನ್ನ ಮೇಜಿನ ಮೇಲೆ ಒಂದು ಕರಾರು ಪತ್ರ ಇಟ್ಟರು. ನಾನು ಮೊದಲು ನೋಡಿದ್ದು ಸಹಿಯನ್ನಲ್ಲ, ಮೊಹರನ್ನೂ ಅಲ್ಲ, ಹಾಳೆಯ ಅಂಚನ್ನು. ಅಂಚು ಖಾಲಿ ಇತ್ತು. ಎರಡನೆಯ ಹಾಳೆ ತಿರುವಿದೆ, ಮೂರನೆಯದು ತಿರುವಿದೆ, ಎಲ್ಲೂ ಪೆನ್ಸಿಲ್ ಗುರುತಿಲ್ಲ. ರಬಕವಿ, ಬನಹಟ್ಟಿ ಕಡೆಯಿಂದ ಜಮಖಂಡಿಯ ನನ್ನ ಆಫೀಸಿಗೆ ಬರುವ ಕಾಗದಗಳ ಅಂಚಿನಲ್ಲಿ ಏಳೆಂಟು ವರ್ಷಗಳಿಂದ ಒಂದೇ ಕೈಯ ಗುರುತುಗಳಿರುತ್ತಿದ್ದವು. ಸಣ್ಣದೊಂದು ಗೆರೆ, ಪಕ್ಕದಲ್ಲಿ ‘ಇಲ್ಲಿ ಕೇಳ್ರಿ’ ಎಂಬ ಎರಡು ಶಬ್ದ. ಗುರುತಿದ್ದಲ್ಲಿ ಕೇಳಿದರೆ ಅಲ್ಲೊಂದು ಮಸಲತ್ತು ಇದ್ದೇ ಇರುತ್ತಿತ್ತು.

‘ಇದನ್ನ ಅವರಿಗೆ ತೋರಿಸಲಿಲ್ಲೇನ್ರಿ?’ ಎಂದೆ.

‘ಯಾರಿಗೆ ತೋರಸಲಿರಿ ಮೇಡಮ್ಮಾರ? ಅವರು ಹೋಗಿ ಹದಿನೈದು ದಿನಾ ಆತಲ್ರಿ. ಎದಿನೋವು ಅಂತ ಮಗ್ಗದ ಮುಂದನ ಕುಂತ್ರು, ಏಳಲೇ ಇಲ್ಲ.’

ಖರೆ ಹೇಳಬೇಕೆಂದರೆ ಆ ಕ್ಷಣ ನನಗೆ ಮೊದಲು ಬಂದದ್ದು ದುಃಖವಲ್ಲ, ಸಂಶಯ. ಸಾಯುವ ಮೊದಲು ಅವರು ನನ್ನ ವಿಷಯ ಯಾರಿಗಾದರೂ ಹೇಳಿರಬಹುದೇ? ಹನ್ನೆರಡು ವರ್ಷದ ಹಿಂದೆ ನಾನು ಅವರಿಗೊಂದು ಅನ್ಯಾಯ ಮಾಡಿದ್ದೆ. ಮಾಡುವಾಗ ಅವರು ನನ್ನ ಎದುರಿಗೇ ನಿಂತಿದ್ದರು. ಹಾಗಿದ್ದೂ ನಾನು ವಕೀಲಳಾದ ಮೇಲೆ ತಮ್ಮೂರಿನ ಜನರನ್ನು ನನ್ನ ಕಡೆಗೇ ಕಳಿಸತೊಡಗಿದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕೆಡುಕು ಮಾಡಿದವರಿಗೆ ಒಳ್ಳೆಯದು ಮಾಡುವ ಜನರನ್ನು ನಾನು ನಂಬುವವಳಲ್ಲ. ಅವರು ಕಳಿಸಿದ ಒಂದೊಂದು ಕಾಗದವನ್ನೂ ಇದರಲ್ಲಿ ನನಗೆಂದು ಎಲ್ಲಿ ಗುಂಡಿ ತೋಡಿದ್ದಾರೆ ಎಂದು ಹುಡುಕುತ್ತಲೇ ಓದಿದೆ. ಗುಂಡಿ ಸಿಗಲಿಲ್ಲ, ಸಂಶಯವೂ ಹೋಗಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಾವಿಬ್ಬರೂ ಓದಿದ ಕಾನೂನು ಕಾಲೇಜಿನ ಹೆಸರನ್ನೂ ಬರೆಯುವುದಿಲ್ಲ. ಎಲ್ಲಿ ಏನು ಬರೆದರೆ ಏನಾಗುತ್ತದೆ ಎಂಬುದು ಹೊಟ್ಟೆಪಾಡಿಗಾಗಿಯಾದರೂ ನನಗೆ ಗೊತ್ತು.

ನನ್ನ ಊರು ಚಿಮ್ಮಡ. ಅಪ್ಪ ಕನ್ನಡ ಸಾಲಿ ಮಾಸ್ತರ. ಕಾಲೇಜಿಗೆ ಬೆಳಿಗ್ಗೆ ಬಸ್ ಹತ್ತಿ ಬನಹಟ್ಟಿ ದಾಟಿ ಜಮಖಂಡಿಯಲ್ಲಿ ಇಳಿದು ಮುಂದಿನ ಬಸ್ ಹಿಡಿಯಬೇಕಿತ್ತು. ಅವರು ಬನಹಟ್ಟಿಯಲ್ಲಿ ಹತ್ತುತ್ತಿದ್ದರು. ಆಗ ಅವರಿಗೆ ಮೂವತ್ತೈದರ ಆಸುಪಾಸು. ನೇಕಾರರ ಮನೆತನ. ಕಿವಿಯ ಕೂದಲಿಗೆ ಯಾವಾಗಲೂ ನೂಲಿನ ದೂಳು ಅಂಟಿರುತ್ತಿತ್ತು. ಕಿವಿ ತುಸು ಮಂದ. ವಿದ್ಯುತ್ ಮಗ್ಗದ ಸಪ್ಪಳದಲ್ಲಿ ಬೆಳೆದವರೆಲ್ಲ ಹಾಗೇ, ತಮಗೆ ಕೇಳುವುದಿಲ್ಲವೆಂದು ಎದುರಿನವರಿಗೂ ಕೇಳುವುದಿಲ್ಲವೆಂದುಕೊಂಡು ಕೂಗಿ ಮಾತಾಡುತ್ತಾರೆ. ಅವರು ಗುಟ್ಟು ಹೇಳಿದರೂ ಡ್ರೈವರನಿಗೆ ಕೇಳಿಸುತ್ತಿತ್ತು.

ಎಲ್ಲಕ್ಕಿಂತ ವಿಚಿತ್ರ ಅವರ ಅಂಗಿ. ಎದೆಯ ಎರಡೂ ಬದಿಗೆ ಕಿಸೆ. ಎಲ್ಲ ಅಂಗಿಗಳಿಗೂ ದರ್ಜಿಯ ಮುಂದೆ ಕುಳಿತು ಹಾಗೇ ಹೊಲಿಸಿದ್ದು. ಬಸ್ಸಿನಲ್ಲಿ ಕುಳಿತ ಕೂಡಲೇ ಎಡಗಡೆ ಕಿಸೆಯಿಂದ ಬೆರಳುದ್ದದ ಚೀಟಿಗಳ ಕಂತೆ ತೆಗೆದು, ಒಂದೊಂದನ್ನೇ ನೋಡಿ, ಕಣ್ಣು ಮುಚ್ಚಿ, ಏನೋ ಪಿಟಿಪಿಟಿ ಅನ್ನುವರು. ಜಮಖಂಡಿ ಹತ್ತಿರವಾದಾಗ ಅದನ್ನು ಒಳಗಿಟ್ಟು ಬಲಗಡೆ ಕಿಸೆಯ ಕಂತೆ ತೆಗೆಯುವರು. ಮಂತ್ರ ಮಾಡುವವರೋ, ಓಸಿ ಜೂಜು ಆಡಿಸುವವರೋ ಎಂದು ನಾನು ಒಂದು ವಾರ ಗಮನಿಸಿದೆ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ನನ್ನ ಅವ್ವ ಹಾಲು ಕುಡಿಸುವಾಗಲೇ ಹೇಳಿಕೊಟ್ಟಿದ್ದಳು.

ಕಾಲೇಜಿನಲ್ಲಿ ನೋಡಿದರೆ ನನ್ನದೇ ಕ್ಲಾಸು. ಬಲಗಡೆ ಕಿಸೆಯಲ್ಲಿ ಕಾಯ್ದೆಯ ಕಲಮುಗಳು. ಎಡಗಡೆ ಕಿಸೆಯಲ್ಲಿ, ನಂಬಿದರೆ ನಂಬಿ ಬಿಟ್ಟರೆ ಬಿಡಿ, ಸ್ಪ್ಯಾನಿಷ್ ಭಾಷೆ.

ನನ್ನ ಜೊತೆ ಅವರು ಮೊದಲು ಮಾತಾಡಿದ್ದು ಬಸ್ಸಿನಲ್ಲೇ. ನಾನು ಸಾಕ್ಷ್ಯ ಕಾಯ್ದೆಯ ಪೇಪರಿನಲ್ಲಿ ಒಮ್ಮೆ ಬಿದ್ದಿದ್ದೆ. ಮತ್ತೊಮ್ಮೆ ಬಿದ್ದರೆ ಬಸ್ ಪಾಸ್ ಮಾಡಿಸುವುದಿಲ್ಲ ಎಂದು ಅಪ್ಪ ಹೇಳಿದ್ದರು. ಅಪ್ಪ ಕೂಗಾಡುವವರಲ್ಲ, ಹೇಳಿದ್ದನ್ನು ಮಾಡುವವರು. ಬಸ್ ಪಾಸ್ ಇಲ್ಲವೆಂದರೆ ಚಿಮ್ಮಡದಿಂದಾಚೆಯ ನನ್ನ ಲೋಕ ಮುಗಿದಂತೆ. ಆ ಹೆದರಿಕೆಯಲ್ಲಿ ಗೈಡು ಹಿಡಿದುಕೊಂಡು ‘ಇಂಪಾರ್ಟಂಟ್’ ಎಂದು ಗುರುತು ಮಾಡಿದ್ದನ್ನು ಉರು ಹೊಡೆಯುತ್ತಿದ್ದೆ. ಮುಂದಿನ ಸೀಟಿನಿಂದ ಅವರು ತಿರುಗಿದರು.

‘ತಂಗೀ, ಇದು ಇಂಪಾರ್ಟಂಟ್ ಅಂತ ಹೇಳಿದವರು ಯಾರು?’

‘ಗೈಡಿನಾಗ ಬರದಾರ್ರಿ.’

‘ಗೈಡ್ ಬರದವರು ಪರೀಕ್ಷಾ ತಗಿತಾರೇನು? ಮತ್ತ ಅವರನ್ಯಾಕ ನಂಬೀದಿ?’

ಇಡೀ ಬಸ್ಸು ನಮ್ಮ ಕಡೆ ನೋಡಿತು. ನಾನು ಗೈಡು ಮುಚ್ಚಿದೆ. ಇವರಿಗೇನು ಬೇಕಾಗಿದೆ ನನ್ನ ಹತ್ತಿರ, ಎಂಬುದೇ ಆಗ ನನಗೆ ಬಂದ ಯೋಚನೆ. ಆದರೆ ಮರುದಿನ ಅವರು ಒಂದು ಬರೀ ಕಾಯ್ದೆಯ ಪುಸ್ತಕ, ಟೀಕೆ ಟಿಪ್ಪಣಿ ಏನೂ ಇಲ್ಲದ್ದು, ತಂದುಕೊಟ್ಟರು. ಹೀಗೆ ನಮ್ಮ ಪಾಠ ಶುರುವಾಯಿತು. ಅವರು ಮುಂದಿನ ಸೀಟು, ನಾನು ಹಿಂದಿನ ಸೀಟು. ಒಂದು ದಿನವೂ ಪಕ್ಕದಲ್ಲಿ ಕೂಡಲಿಲ್ಲ. ಅದೂ ನನಗೆ ಸಂಶಯದ ಸಂಗತಿಯೇ ಆಗಿತ್ತು, ಇಷ್ಟು ಹುಷಾರಿ ಯಾಕೆ ಎಂದು.

ಅವರ ಪಾಠಕ್ಕೆಲ್ಲ ತಳಪಾಯ ಒಂದೇ, ನಂಬಬೇಡ. ಒಂದು ಕಲಮನ್ನು ಮೂರು ಸಲ ಓದಬೇಕು. ‘ಒಮ್ಮೆ ಕಣ್ಣಿಲೆ, ಒಮ್ಮೆ ಬಾಯಿಲೆ, ಒಮ್ಮೆ ಸಂಶಯಲೆ.’ ಮೂರನೆಯ ಓದಿನಲ್ಲಿ ಒಂದೊಂದು ಶಬ್ದವನ್ನೂ ತಡೆದು ನಿಲ್ಲಿಸಿ, ನೀನಿಲ್ಲಿ ಯಾಕೆ ಬಂದಿ, ನೀನಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಕೇಳಬೇಕು. ‘ಮತ್ತು’ ಇದ್ದಲ್ಲಿ ‘ಅಥವಾ’ ಇಟ್ಟರೆ ಯಾರು ಜೇಲಿಗೆ ಹೋಗುತ್ತಾರೆ, ಯಾರು ಮನೆಗೆ ಹೋಗುತ್ತಾರೆ ನೋಡಬೇಕು. ಆಮೇಲೆ ಆ ಕಲಮಿಗೆ ನಮ್ಮ ಓಣಿಯ ಒಬ್ಬರನ್ನು ಹುಡುಕಬೇಕು. ಕೇಳಿದ ಮಾತು ಸಾಕ್ಷಿಯಲ್ಲ ಎಂಬ ಕಲಮಿಗೆ ನಾನು ನಮ್ಮ ಪಕ್ಕದ ಮನೆಯ ಕಾಕೂನನ್ನು ಆರಿಸಿಕೊಂಡೆ. ಆಕೆ ಕಣ್ಣಾರೆ ಕಂಡದ್ದು ಜನ್ಮದಲ್ಲಿ ಏನೂ ಇಲ್ಲ, ಊರಿನ ಸುದ್ದಿಯೆಲ್ಲ ಆಕೆಯ ಬಾಯಲ್ಲೇ ಇತ್ತು. ಆ ಕಲಮು ನನಗೆ ಇವತ್ತಿಗೂ ಮರೆತಿಲ್ಲ. ಈಗ ಕಾಯ್ದೆಯೇ ಹೊಸದಾಗಿ ಬಂದು ಕಲಮುಗಳ ಅಂಕಿಯೆಲ್ಲ ಬದಲಾಗಿವೆ. ಅಂಕಿ ನೆನಪಿಟ್ಟವರು ಒದ್ದಾಡುತ್ತಿದ್ದಾರೆ, ಕಾಕೂನನ್ನು ನೆನಪಿಟ್ಟ ನನಗೆ ಏನೂ ಆಗಿಲ್ಲ.

ಉತ್ತರ ಬರೆಯುವುದಕ್ಕೂ ಅವರದೊಂದು ರೀತಿ ಇತ್ತು. ಪೇಪರ್ ನೋಡುವವರು ದೊಡ್ಡ ಪಂಡಿತರೆಂದು ತಿಳಿಯಬೇಡ, ಅವಸರದಲ್ಲಿರುವ ಮನುಷ್ಯರೆಂದು ತಿಳಿ. ಮೊದಲನೆಯ ಸಾಲಿನಲ್ಲೇ ಉತ್ತರ ಹೇಳು, ಆಮೇಲೆ ಕಾಯ್ದೆ, ಆಮೇಲೆ ಕಾರಣ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ವಾರಕ್ಕೊಮ್ಮೆ ಗಡಿಯಾರ ನೋಡಿ ಮೂರು ತಾಸು ಎಡೆಬಿಡದೆ ಬರೆ, ಏಕೆಂದರೆ ಪರೀಕ್ಷೆಯಲ್ಲಿ ಮೊದಲು ಸೋಲುವುದು ತಲೆಯಲ್ಲ, ಮಣಿಕಟ್ಟು. ಕ್ಲಾಸು ಬೇಗ ಬಿಟ್ಟ ದಿನ ಜಮಖಂಡಿ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂಡು. ‘ಪುಸ್ತಕದಾಗಿನ ಸಾಕ್ಷಿ ಬೆವರೂದಿಲ್ಲವಾ. ಕಟಕಟ್ಯಾಗಿನ ಸಾಕ್ಷಿ ಬೆವರತಾನ. ಅದನ್ನ ನೋಡು.’

ಸ್ಪ್ಯಾನಿಷಿನ ಪಾಠ ನಾನು ಕೇಳದೇ ಸಿಕ್ಕದ್ದು. ದಿನಕ್ಕೆ ಹತ್ತು ಶಬ್ದ, ಹನ್ನೊಂದನೆಯದು ದುರಾಸೆ. ಬೆಳಿಗ್ಗೆ ಹತ್ತು ಚೀಟಿ ಕಿಸೆಗೆ ಹೋದರೆ ಸಂಜೆಯೊಳಗೆ ಖಾಲಿಯಾಗಬೇಕು. ಬಾಯಿಗೆ ಬರದ ಚೀಟಿ ಮರುದಿನ ಮತ್ತೆ ಕಿಸೆಗೆ. ಗಟ್ಟಿಯಾಗಿ ಮಾತಾಡಿ ಕಲಿಯುವುದು ಮಗ್ಗದ ಶೆಡ್ಡಿನಲ್ಲಿ, ಮೂರು ಮಗ್ಗ ಒಟ್ಟಿಗೇ ಹೊಡೆದುಕೊಳ್ಳುವಾಗ. ಅಲ್ಲಿ ಯಾರಿಗೂ ಏನೂ ಕೇಳುವುದಿಲ್ಲ, ತಪ್ಪು ಮಾತಾಡಿದರೆ ನಗುವವರಿಲ್ಲ. ಹೊಸ ಭಾಷೆ ಕಲಿಯುವವನಿಗೆ ನಾಚಿಕೆಯೇ ಮೊದಲ ವೈರಿ ಎನ್ನುವರು.

ಇಂಗ್ಲಿಷಿನ ಬಾಗಿಲಿನಿಂದ ಆ ಭಾಷೆಯೊಳಗೆ ಹೋಗಬೇಡ, ಕನ್ನಡದ ಬಾಗಿಲಿನಿಂದ ಹೋಗು ಎಂಬುದು ಅವರ ದೊಡ್ಡ ಶೋಧ. ಅಲ್ಲಿಯೂ ಬರೆದ ಹಾಗೇ ಓದುತ್ತಾರೆ. ಅಲ್ಲಿಯೂ ನೀನು ಬೇರೆ, ನೀವು ಬೇರೆ. ಕ್ರಿಯಾಪದದ ಬಾಲ ನೋಡಿದರೆ ಮಾಡಿದವರು ಯಾರೆಂದು ತಿಳಿಯುತ್ತದೆ. ‘ನಾವು ನನಗ ಸೇರತೈತಿ ಅಂತೀವಲ್ಲ, ಅವರೂ ಹಂಗ ಅಂತಾರ, ಮೆ ಗುಸ್ತಾ. ಇಂಗ್ಲಿಷಿನ್ಯಾಗ ಹಂಗ ಅನ್ನಾಕ ಬರೂದಿಲ್ಲ.’ ಇದನ್ನು ಹೇಳುವಾಗ ಅವರ ಮುಖ ಬೀಗರ ಮನೆಯಲ್ಲಿ ಸ್ವಂತ ಊರಿನವರು ಸಿಕ್ಕವರ ಮುಖದಂತೆ ಆಗುತ್ತಿತ್ತು. ಅವರು ಸಂಶಯ ಪಡುತ್ತಿದ್ದದ್ದು ಪರಿಚಯದ ಮುಖ ಹೊತ್ತು ಬರುವ ಶಬ್ದಗಳ ಮೇಲೆ. ಎಕ್ಸಿತೊ ಎಂಬ ಶಬ್ದ ಇಂಗ್ಲಿಷಿನ ಎಕ್ಸಿಟ್, ಹೊರಗೆ ಹೋಗುವ ಬಾಗಿಲಿನ ಹಾಗೆ ಕಾಣುತ್ತದೆ, ಅರ್ಥ ನೋಡಿದರೆ ಗೆಲುವು. ಗುರುತಿಲ್ಲದವರು ಮೋಸ ಮಾಡುವುದು ಕಡಿಮೆ ತಂಗೀ, ಗುರುತಿದ್ದವರ ಮೇಲೆ ಕಣ್ಣಿಡು ಎಂದರು. ಆ ಮಾತನ್ನು ಅವರು ನನ್ನ ವಿಷಯದಲ್ಲಿ ಪಾಲಿಸಲಿಲ್ಲ.

ಒಮ್ಮೆ ನಾನು ಹೊಸ ಕಲಮು ತಲೆಗೆ ಹತ್ತುವುದಿಲ್ಲ ಎಂದು ಅತ್ತೆ. ಅವರು ಮಗ್ಗದ ಮಾತು ಹೇಳಿದರು. ಮಗ್ಗದಲ್ಲಿ ಹಾಸು, ಅಂದರೆ ಉದ್ದದ ಎಳೆ, ಮುಗಿಯುತ್ತ ಬಂದಾಗ ಹಳೆಯ ಎಳೆಗಳನ್ನು ಪೂರಾ ತೆಗೆಯುವುದಿಲ್ಲ. ತುದಿ ಬಿಟ್ಟು, ಅದರ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ, ದಿನವಿಡೀ ಕೆಲಸ. ಹಾಗೆ ಕೂಡಿಸಿದರೆ ಹಳೆಯದು ಹೊಸದನ್ನು ತಾನಾಗಿಯೇ ಎಳೆದುಕೊಂಡು ಹೋಗುತ್ತದೆ. ‘ನಿನ್ನ ತಲ್ಯಾಗ ಮೊದಲ ಇದ್ದದ್ದಕ್ಕ ಹೊಸಾದು ಕೆಚ್ಚು. ಬರೇ ಒಳಗ ತುರುಕಿದ್ರ ಬಿಚ್ಚಿ ಬರತೈತಿ.’ ಅವರ ಅವ್ವ ಕೆಚ್ಚುವ ಕೆಲಸಕ್ಕೇ ಹೆಸರಾಗಿದ್ದರಂತೆ.

ಇಷ್ಟೆಲ್ಲ ಹೇಳುವವರು ಸ್ಪ್ಯಾನಿಷ್ ಯಾಕೆ ಎಂದು ಕೇಳಿದರೆ ಮಾತ್ರ ಜಾರಿಕೊಳ್ಳುತ್ತಿದ್ದರು. ‘ಒಂದು ಪುಸ್ತಕ ಓದೂದೈತಿ.’ ಯಾವ ಪುಸ್ತಕ? ‘ಓದಿದ ಮ್ಯಾಲೆ ಹೇಳತೇನಿ.’ ಇಷ್ಟು ಸಾಕಿತ್ತು ಜನಕ್ಕೆ. ಹಡಗಿನಲ್ಲಿ ನೌಕರಿ ಹಿಡಿದು ಹೆಂಡತಿಯನ್ನು ಬಿಟ್ಟು ಓಡುತ್ತಾರೆಂದು ಒಬ್ಬರು, ಫೋನಿನಲ್ಲಿ ಯಾವಳೋ ಪರದೇಶದವಳು ಗಂಟು ಬಿದ್ದಿದ್ದಾಳೆಂದು ಇನ್ನೊಬ್ಬರು, ಧರ್ಮ ಬಿಟ್ಟಿದ್ದಾರೆಂದು ಮತ್ತೊಬ್ಬರು. ಹಣೆಯ ಮೇಲಿನ ವಿಭೂತಿ ಬರೀ ತೋರಿಕೆಗೆ ಎಂದು ನಮ್ಮ ಕಂಡಕ್ಟರ್ ಆಣೆ ಮಾಡಿ ಹೇಳಿದ. ನಾನು ಮೂರನ್ನೂ ನಂಬಲಿಲ್ಲ, ಮೂರನ್ನೂ ಮರೆಯಲೂ ಇಲ್ಲ.

ಸುದ್ದಿ ಸುಮ್ಮನೆ ಅವರ ಮೇಲೆ ಮಾತ್ರ ನಿಲ್ಲುವುದಿಲ್ಲವಲ್ಲ. ಮಾಸ್ತರ ಮಗಳು ದಿನಾ ಬಸ್ಸಿನಲ್ಲಿ ಯಾವನೋ ಎರಡು ಮಕ್ಕಳ ತಂದೆಯ ಜೊತೆ ಮಾತಾಡುತ್ತಾಳೆ ಎಂದು ಚಿಮ್ಮಡಕ್ಕೆ ಮುಟ್ಟಿತು. ಒಂದು ಸಂಜೆ ಅಪ್ಪ ಕೇಳಿದರು. ನಾನು, ಅವರು ಯಾರೋ ನನಗೆ ಗೊತ್ತಿಲ್ಲ, ಅದೇ ಬಸ್ಸಿಗೆ ಬರುತ್ತಾರೆ ಅಷ್ಟೇ ಎಂದೆ. ಅಪ್ಪ ನನ್ನ ಮುಖ ನೋಡಿ, ಈ ಸಲ ಪಾಸಾಗು ಎಂದಷ್ಟೇ ಹೇಳಿದರು. ಆಡಿದ ಮೇಲೆ ನನಗೆ ತಿಳಿಯಿತು, ಇನ್ನು ಮೇಲೆ ಈ ಮಾತನ್ನು ಕಾಯ್ದುಕೊಂಡು ಬರಬೇಕು ಎಂದು.

ಸಾಕ್ಷ್ಯ ಕಾಯ್ದೆಯ ಪರೀಕ್ಷೆಗೆ ಎರಡು ದಿನ ಇತ್ತು. ಜಮಖಂಡಿ ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದ ಅಂಗಡಿಯಲ್ಲಿ ಅವರನ್ನು ಕಂಡೆ. ಎದುರಿಗೆ ನಮ್ಮ ಕಾಲೇಜಿನ ಪರೀಕ್ಷಾ ವಿಭಾಗದ ಗುಮಾಸ್ತರು. ಗುಮಾಸ್ತರು ಆಚೀಚೆ ನೋಡಿ ಚೀಲದಿಂದ ಮಡಚಿದ ಕಾಗದ ತೆಗೆದುಕೊಟ್ಟರು. ಇವರು ಅದನ್ನು ಬಿಚ್ಚಿ, ತಲೆ ಬಗ್ಗಿಸಿ, ಬೆರಳಿಟ್ಟು ಓದತೊಡಗಿದರು. ಇಷ್ಟು ದಿನ ನಂಬಬೇಡ ನಂಬಬೇಡ ಎಂದು ಪಾಠ ಹೇಳಿದವರು ಪ್ರಶ್ನೆಪತ್ರಿಕೆ ಕೊಳ್ಳುತ್ತಿದ್ದಾರೆ! ನಾನು ಕಾಣಿಸಿಕೊಳ್ಳದೆ ಬಸ್ ಹತ್ತಿದೆ. ಮರುದಿನ ಅವರು ಹಿಂದೆ ತಿರುಗಿ ತಯಾರಿ ಹೇಗೆ ಎಂದರೆ ತಲೆನೋವು ಎಂದು ಕಿಟಕಿಗೆ ಮುಖ ಮಾಡಿದೆ.

ಪರೀಕ್ಷೆಯ ದಿನ ಅವರು ನನ್ನ ಮುಂದಿನ ಡೆಸ್ಕು. ಹೊರಗೆ, ಎಲ್ಲರ ಎದುರಿಗೆ ಬಲಗಡೆ ಕಿಸೆಯಿಂದ ಕಲಮುಗಳ ಚೀಟಿಗಳನ್ನೆಲ್ಲ ತೆಗೆದು ಚೀಲಕ್ಕೆ ಹಾಕಿದರು. ಕಿಸೆಯನ್ನು ಹೊರಗೆ ತಿರುವಿ, ಕೊಡವಿ, ಒಳಗೆ ಬಂದರು. ಎಡಗಡೆ ಕಿಸೆಯ ನೆನಪು ಅವರಿಗೆ ಆಗಲಿಲ್ಲ. ಆಗುವುದಾದರೂ ಹೇಗೆ? ಅವರ ಲೆಕ್ಕದಲ್ಲಿ ಪರೀಕ್ಷೆ ಇದ್ದದ್ದು ಬಲಗಡೆಗೆ.

ಅರ್ಧ ತಾಸಿಗೆ ಹೊರಗಿನಿಂದ ತಪಾಸಣೆಯ ತಂಡ ಬಂತು. ಅದರ ಹಿರಿಯರು ಇವರ ಎದೆಯ ಮೇಲೆ ಉಬ್ಬಿದ ಕಿಸೆ ನೋಡಿದರು, ಕೈಹಾಕಿದರು, ಹತ್ತು ಚೀಟಿ ಹೊರಬಂದವು. ತಿರುವಿ ಮುರುವಿ ನೋಡಿದರು. ಓದಲು ಬರುತ್ತಿಲ್ಲ, ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಅಲ್ಲ. ಇದೇನು ಸಂಕೇತ ಭಾಷೆಯೋ ಎಂದರು. ಇವರು ಎದ್ದು ನಿಂತು ತಮ್ಮ ದೊಡ್ಡ ದನಿಯಲ್ಲಿ, ಅದು ಸ್ಪ್ಯಾನಿಷ್, ನಾನು ಕಲಿಯುತ್ತಿದ್ದೇನೆ ಎಂದರು. ಕೋಣೆಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಬನಹಟ್ಟಿಯ ನೇಕಾರ, ಕಾನೂನು ಪರೀಕ್ಷೆ, ಕಿಸೆಯಲ್ಲಿ ಸ್ಪ್ಯಾನಿಷ್. ಕೇಳಿದವರು ನಗದೆ ಏನು ಮಾಡಿಯಾರು? ಹಿರಿಯರು ನಗಲಿಲ್ಲ. ನೀವು ಹೇಳುತ್ತಿರುವುದು ನಿಜವೆಂದು ಇಲ್ಲಿ ಯಾರಿಗೆ ಗೊತ್ತಿದೆ ಎಂದು ಕೇಳಿದರು.

ಅವರು ನನ್ನ ಕಡೆ ತಿರುಗಿದರು. ಯಾವ ಗಾಬರಿಯೂ ಇರಲಿಲ್ಲ ಮುಖದಲ್ಲಿ.

‘ಈ ತಂಗೀನ್ನ ಕೇಳ್ರಿ. ನನ್ನ ಕಿಸೆದಾಗ ಏನಿರತೈತಿ ಅಂತ ಆಕಿಗೆ ಗೊತ್ತೈತಿ.’

ಮತ್ತೆ ಯಾರೋ ನಕ್ಕರು. ಈ ಸಲದ ನಗು ಬೇರೆ ಥರದ್ದು. ಗೊತ್ತಿದೆ ಎಂದರೆ, ಹೇಗೆ ಗೊತ್ತು ಎನ್ನುತ್ತಾರೆ. ಈ ಗಂಡಸಿನ ಕಿಸೆಯಲ್ಲಿ ದಿನಾ ಏನಿರುತ್ತದೆಂದು ಮಾಸ್ತರ ಮಗಳಿಗೆ ಗೊತ್ತಂತೆ ಎಂದು ಸಂಜೆಯ ಬಸ್ಸಿಗಿಂತ ಮೊದಲೇ ಸುದ್ದಿ ಚಿಮ್ಮಡ ಮುಟ್ಟುತ್ತದೆ. ಇಬ್ಬರೂ ಕೂಡಿಯೇ ಮಾಡಿದ್ದಾರೆ ಎಂದು ನನ್ನ ಪೇಪರನ್ನೂ ಕಸಿದುಕೊಳ್ಳಬಹುದು. ಅದರ ಮೇಲೆ ಆ ಚಹಾದ ಅಂಗಡಿ, ಆ ಮಡಚಿದ ಕಾಗದ. ಇವರೇನು ಸಾಚಾ ಮನುಷ್ಯರೇ ಎಂದು ನನಗೆ ನಾನೇ ಹೇಳಿಕೊಂಡೆ. ಅಂಗೈ ಬೆವತು ಉತ್ತರಪತ್ರಿಕೆಗೆ ಅಂಟಿತ್ತು.

‘ಏನಮ್ಮಾ, ಗೊತ್ತೇನು ನಿನಗೆ?’

‘ನನಗ ಗೊತ್ತಿಲ್ರಿ’ ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಸಿಟ್ಟಿನಿಂದಲ್ಲ. ಒಂದು ಕಲಮನ್ನು ಮೂರನೆಯ ಸಲ ಓದುವಾಗ ನೋಡುವ ಹಾಗೆ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ತಪಾಸಣೆಯವರ ಹಿಂದೆ ಹೊರಗೆ ನಡೆದರು. ನಾನು ಎರಡನೆಯ ಪ್ರಶ್ನೆಗೆ ಉತ್ತರ ಬರೆದೆ. ಮೊದಲನೆಯ ಸಾಲಿನಲ್ಲೇ ಉತ್ತರ, ಆಮೇಲೆ ಕಾಯ್ದೆ, ಆಮೇಲೆ ಕಾರಣ. ಅವರು ಕಲಿಸಿದ ಹಾಗೆಯೇ ಬರೆದೆ, ಒಳ್ಳೆಯ ಅಂಕ ಬಂದು ಪಾಸಾದೆ. ಅಪ್ಪ ಬಸ್ ಪಾಸ್ ಮಾಡಿಸಿದರು.

ಅವರಿಗೆ ಆ ವರ್ಷದ ಪರೀಕ್ಷೆಗಳೆಲ್ಲ ರದ್ದಾದವು. ಮರುವರ್ಷ ಬರೆಯಬಹುದಿತ್ತು, ಬರಲಿಲ್ಲ. ಬನಹಟ್ಟಿ ಸ್ಟಾಪಿನಲ್ಲಿ ಬಸ್ ನಿಂತಾಗ ನಾನು ತಲೆ ಬಗ್ಗಿಸಿ ಪುಸ್ತಕ ನೋಡುವುದನ್ನು ರೂಢಿ ಮಾಡಿಕೊಂಡೆ. ಒಂದು ತಿಂಗಳಾದ ಮೇಲೆ ಆ ಗುಮಾಸ್ತರೇ ಕಾಲೇಜಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಗುಮಾಸ್ತರು ಒಂದು ಜಾಗ ಕೊಳ್ಳುವವರಿದ್ದರಂತೆ, ಖರೀದಿಯ ಕಾಗದವನ್ನು ಗುಟ್ಟಾಗಿ ಇವರಿಂದ ಓದಿಸಿದರಂತೆ, ಇವರು ಬೆರಳಿಟ್ಟು ತೋರಿಸಿದ ಒಂದು ಸಾಲಿನಿಂದ ದೊಡ್ಡ ಮೋಸ ತಪ್ಪಿತಂತೆ. ಪಾಪ, ಅಂಥವರಿಗೆ ಹಿಂಗಾಗಬಾರದಿತ್ತು ಎಂದರು. ನಾನು ಆ ದಿನ ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ.

ಈಗ ಕೋರ್ಟಿನಲ್ಲಿ ನಿಂತು ಸಂಶಯದ ಲಾಭ ಆರೋಪಿಗೆ ಸಲ್ಲಬೇಕು ಎಂದು ವಾದಿಸುವುದು ನನ್ನ ನಿತ್ಯದ ಕಸುಬು. ಎಂಥೆಂಥವರಿಗೋ ಕೊಡಿಸಿದ್ದೇನೆ. ಅವರಿಗೆ ಕೊಡಲಿಲ್ಲ.

ಆಮೇಲೆ ಶುರುವಾದದ್ದು ಆ ಪೆನ್ಸಿಲ್ ಗುರುತು. ನಾನು ಬೋರ್ಡು ಹಾಕಿದ ಮೊದಲ ವರ್ಷವೇ ಬನಹಟ್ಟಿಯ ಒಬ್ಬ ಹೆಣ್ಣುಮಗಳು ಕಾಗದ ತಂದಳು. ಯಾರು ಕಳಿಸಿದರೆಂದು ಕೇಳಿದರೆ, ಸ್ಪೇನಿನ ಭಾಷಾ ಬಲ್ಲವರು ಎಂದಳು. ಆ ಮೇಲೆ ತಿಂಗಳಿಗೆ ಒಬ್ಬರು, ಇಬ್ಬರು. ನನಗೆ ಹೊಟ್ಟೆ ತುಂಬ ಅನ್ನ ಹಾಕಿದ್ದು ಅವರ ಪೆನ್ಸಿಲ್ ಎಂದರೆ ಸುಳ್ಳಲ್ಲ. ಹೋಗಿ ಕಾಲು ಹಿಡಿಯಬೇಕಿತ್ತು. ಹೋಗಲಿಲ್ಲ. ತಾ ಕಳ್ಳ ಪರರ ನಂಬ ಎಂಬ ಗಾದೆಗೆ ನಾನು ಓಣಿಯಲ್ಲಿ ಯಾರನ್ನೂ ಹುಡುಕಬೇಕಾಗಿಲ್ಲ.

ಕಕ್ಷಿದಾರರಿಂದ ಸುದ್ದಿ ಕೇಳಿದ ಮರುದಿನ ಬೆಳಿಗ್ಗೆ ಬನಹಟ್ಟಿಗೆ ಹೋದೆ. ಮನೆಯ ಮುಂದಿನ ಭಾಗದಲ್ಲೇ ಮಗ್ಗದ ಶೆಡ್ಡು. ಮೂರು ಹಳೆಯ ಮಗ್ಗ, ಅವುಗಳ ನಡುವೆ ದೊಡ್ಡದೊಂದು ಪರದೇಶದ ಮಗ್ಗ. ಅವರ ಹೆಂಡತಿ ಚಾಪೆ ಹಾಸಿದರು. ನಾನು ನನ್ನ ಹೆಸರು ಹೇಳಲು ಬಾಯಿ ತೆರೆಯುವ ಮೊದಲೇ, ‘ವಕೀಲ ತಂಗಿ ಅಲ್ಲೇನ್ರಿ ನೀವು?’ ಎಂದರು. ನನಗೆ ಮುಖ ಎತ್ತಲಾಗಲಿಲ್ಲ.

ಪುಸ್ತಕದ ಗುಟ್ಟು ಹೆಂಡತಿಯೇ ಹೇಳಿದರು. ಓಣಿಯ ಏಳು ಮನೆಯವರು ಕೂಡಿ ಒಬ್ಬ ಏಜಂಟನ ಮಾತು ಕೇಳಿ, ಸ್ಪೇನ್ ದೇಶದಲ್ಲಿ ಬಳಸಿಬಿಟ್ಟ ಆ ಮಗ್ಗ ತರಿಸಿದ್ದರಂತೆ. ಕರಾರು ಪತ್ರವನ್ನು ಏಜಂಟನೇ ಓದಿ ಹೇಳಿದ, ಹಿರಿಯರೆಂದು ಈಕೆಯ ಮಾವ, ಅಂದರೆ ಗಂಡನ ಅಪ್ಪ, ಮೊದಲು ಸಹಿ ಮಾಡಿದರು, ಅವರನ್ನು ನೋಡಿ ಉಳಿದವರು ಮಾಡಿದರು. ಮಗ್ಗ ಬಂತು, ನಡೆಯಲಿಲ್ಲ. ಜೊತೆಗೆ ಬಂದ ಪುಸ್ತಕ ಸ್ಪ್ಯಾನಿಷಿನಲ್ಲಿತ್ತು. ಏಜಂಟ ಫೋನು ಎತ್ತಲಿಲ್ಲ. ಓಣಿಯವರು ಮಾವನ ಜೊತೆ ಮಾತು ಬಿಟ್ಟರು. ಮುದುಕರು ಕಟ್ಟೆಗೆ ಬಂದು ಕೂಡುವುದನ್ನು ಬಿಟ್ಟರು. ಆಗ ಗಂಡ ಎರಡು ಹಟ ಹಿಡಿದರಂತೆ, ಆ ಪುಸ್ತಕ ಓದುವಷ್ಟು ಭಾಷೆ, ಆ ಕರಾರು ಓದುವಷ್ಟು ಕಾಯ್ದೆ. ಬೇರೆಯವರ ಬಾಯಿಂದ ಇನ್ನೊಂದು ಸಲ ಓದಿಸಿಕೊಳ್ಳುವುದಿಲ್ಲ ಎಂದಿದ್ದರಂತೆ.

‘ಕಾಯ್ದೆ ಅರ್ಧಕ್ಕ ನಿಂತ್ರೂ ಪುಸ್ತಕ ಬಿಡಲಿಲ್ರಿ. ಒಂದೊಂದ ಸಾಲು ಓದಿ, ಒಂದೊಂದ ಸಾಮಾನು ಬಿಚ್ಚಿ ಜೋಡಿಸಿ ಮಗ್ಗ ನಡಿಸಿದ್ರು. ಮಾವನವರು ಅದನ್ನ ನೋಡೇ ಕಣ್ಣು ಮುಚ್ಚಿದ್ರು.’

ಮಗ್ಗದ ಪಕ್ಕದ ಗೂಡಿನಲ್ಲಿ ಆ ಪುಸ್ತಕ ಇತ್ತು. ಎಣ್ಣೆಯ ಕಲೆ, ಅಂಚಿನ ತುಂಬ ಪೆನ್ಸಿಲ್. ಗೂಡಿನ ಮೇಲೆ ಗೂಟಕ್ಕೆ ಎರಡು ಕಿಸೆಯ ಅಂಗಿ ತೂಗುತ್ತಿತ್ತು. ನಾನು ಹನ್ನೆರಡು ವರ್ಷ ಒಳಗಿಟ್ಟುಕೊಂಡದ್ದನ್ನು ಅಲ್ಲಿ ಹೇಳಿಬಿಟ್ಟೆ. ಪರೀಕ್ಷೆಯ ಕೋಣೆ, ಚೀಟಿ, ಗೊತ್ತಿಲ್ಲ ಎಂದದ್ದು, ಎಲ್ಲ. ಹೇಳುತ್ತ ಅತ್ತುಬಿಟ್ಟೆ.

‘ನನಗ ಗೊತ್ತೈತ್ರಿ’ ಎಂದರು ಅವರು. ‘ಅವತ್ತ ಬಂದು ಹೇಳಿದ್ರು. ಮುಂದ ನೀವು ವಕೀಲರಾದ ಮ್ಯಾಲೆ ಮಂದೀನ್ನ ನಿಮ್ಮ ಕಡೆನ ಕಳಸಾಕತ್ತಿದ್ರಲ್ಲ, ನನಗ ಸಿಟ್ಟ ಬಂತು. ಜಮಖಂಡ್ಯಾಗ ಬ್ಯಾರೆ ವಕೀಲರಿಲ್ಲೇನು, ನಿಮಗ ಕೈಕೊಟ್ಟಾಕಿನ ಬೇಕಾತೇನು ಅಂತ ಕೇಳೇಬಿಟ್ಟೆ.’

‘ಅದಕ್ಕ ಅವರೇನಂದ್ರು?’

‘ಉಳಿದವರು ಹೆಂಗೋ ಏನೋ, ನನಗ ಗೊತ್ತಿಲ್ಲ. ಆಕಿ ಒಮ್ಮೆ ಸುಮ್ಮನಿದ್ದು ಸುಟ್ಟಕೊಂಡಾಳ, ಇನ್ನೊಮ್ಮೆ ಸುಮ್ಮನಿರಾಂಗಿಲ್ಲ ಅಂದ್ರು.’

ಏಳೆಂಟು ವರ್ಷ ನಾನು ಹುಡುಕಿದ ಗುಂಡಿ ಇದು. ಮಗ್ಗ ನಿಂತಿತ್ತು, ಓಣಿಯ ಬೇರೆ ಮನೆಗಳ ಸಪ್ಪಳ ಮಾತ್ರ ಕೇಳುತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಮುದುಕ ಬಂದು ನಿಂತ. ತಲೆಗೆ ಪಟಗಾ ಸುತ್ತಿದ್ದ, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಕಾಗದ. ಬೀಳಗಿ ತಾಲೂಕಿನ ಅನಗವಾಡಿಯಿಂದ ಬಂದಿದ್ದನಂತೆ, ಇಲ್ಲಿ ಕಾಗದ ಓದಿ ಹೇಳುವವರಿದ್ದಾರೆಂದು ಯಾರೋ ಹೇಳಿದ್ದರಂತೆ. ಅವರು ತೀರಿಕೊಂಡ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಮೆಲ್ಲಗೆ ಹೇಳಿದರು. ಮುದುಕ ಚೀಲವನ್ನು ಎದೆಗೆ ಅವಚಿಕೊಂಡ. ಆಮೇಲೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಅವನ ಕಣ್ಣಲ್ಲಿ ಪೂರಾ ಸಂಶಯ ಇತ್ತು.

‘ಈ ಅಕ್ಕಾರಿಗೆ ಗೊತ್ತೈತೇನ್ರಿ, ಅವರಂಗ ಓದಾಕ?’ ಎಂದು ಅವರ ಹೆಂಡತಿಯನ್ನು ಕೇಳಿದ.

ಅವರು ನನ್ನ ಕಡೆ ನೋಡಿದರು.

‘ಗೊತ್ತೈತ್ರಿ ಅಜ್ಜಾರ’ ಎಂದೆ. ‘ನನಗ ಅವರೇ ಕಲಿಸ್ಯಾರ. ದಿನಾ ಬಸ್ಸಿನ್ಯಾಗ ಕಲಿಸ್ಯಾರ.’

ಮುದುಕ ಚೀಲ ಬಿಚ್ಚಿ ಕಾಗದ ಕೊಟ್ಟ.